ಈದ್ ಬಳಿಕದ ಸಿಬ್ಬಂದಿ ಕೂಟ: ಕಡಿಮೆ ಖರ್ಚಿನಲ್ಲಿ, ಯಾರನ್ನೂ ಬಿಡದೆ

ಶಿರಿಯ, ಬಂದ್ಯೋಡು, ಕುಂಬಳೆ, ಉಪ್ಪಳ ಭಾಗದಲ್ಲಿ ‘ಆಫೀಸ್ ಪಾರ್ಟಿ’ ಎಂಬ ಮಾತು ಅಷ್ಟಾಗಿ ಕೇಳಿಬರುವುದಿಲ್ಲ. ಇಲ್ಲಿನ ಕೆಲಸದ ಜಾಗಗಳೆಂದರೆ ಹೆಚ್ಚಾಗಿ ಜವಳಿ ಅಂಗಡಿ, ದಿನಸಿ ಅಂಗಡಿ, ಬೇಕರಿ, ಹೋಟೆಲ್, ಕ್ಲಿನಿಕ್, ಲ್ಯಾಬ್, ಶಾಲೆ. ಐದಾರು ಮಂದಿಯಿಂದ ಇಪ್ಪತ್ತು ಇಪ್ಪತ್ತೈದು ಮಂದಿ ದುಡಿಯುವ ಜಾಗಗಳು. ಆದರೂ ವರ್ಷಕ್ಕೊಮ್ಮೆಯಾದರೂ ಎಲ್ಲರೂ ಒಟ್ಟು ಸೇರುವುದುಂಟು. ರಮಝಾನಿನಲ್ಲಿ ಇಫ್ತಾರ್, ಈದ್ ಕಳೆದ ಮೇಲೆ ಸ್ನೇಹಕೂಟ, ಓಣಂಗೆ ಹೂವಿನ ಪೂಕಳಂ ಮತ್ತು ಊಟ, ಡಿಸೆಂಬರ್ ಕೊನೆಗೆ ಒಂದು ಟ್ರಿಪ್. ಹೆಸರು ಬೇರೆಯಾದರೂ ಉದ್ದೇಶ ಒಂದೇ: ದಿನವಿಡೀ ‘ಅದು ಕೊಡು, ಇದು ತೆಗಿ’ ಎಂದು ಮಾತ್ರ ಮಾತಾಡುವವರು ಒಂದು ಹೊತ್ತು ಬೇರೆ ರೀತಿಯಲ್ಲಿ ಮಾತಾಡಲಿ ಎಂಬುದು.

ಈ ಉದ್ದೇಶ ಕೆಡುವುದು ಹೆಚ್ಚಾಗಿ ಹಣದ ವಿಷಯದಲ್ಲಿ. ಯಾರೋ ಒಬ್ಬರು ಉತ್ಸಾಹದಿಂದ ‘ಆಯಿತು, ಎಲ್ಲರೂ ಮುನ್ನೂರು ಮುನ್ನೂರು ಹಾಕುವ’ ಎಂದು ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಬರೆಯುತ್ತಾರೆ. ಮ್ಯಾನೇಜರ್ ಥಂಬ್ ಹಾಕುತ್ತಾರೆ. ಉಳಿದವರೂ ಹಾಕುತ್ತಾರೆ. ಗೋಡೌನಿನ ಸಹಾಯಕ ಏನೂ ಹೇಳುವುದಿಲ್ಲ, ಕೂಟದ ದಿನ ‘ಮನೆಯಲ್ಲಿ ಸ್ವಲ್ಪ ಕೆಲಸ ಉಂಟು’ ಎನ್ನುತ್ತಾನೆ. ತಿಂಗಳಿಗೆ 10,000 ರೂ. ಸಿಗುವವನಿಗೆ 300 ರೂ. ಎಂದರೆ ಹೆಚ್ಚುಕಡಿಮೆ ಒಂದು ದಿನದ ಸಂಬಳ. 30,000 ಸಿಗುವವರಿಗೆ ಅದು ಬರೇ ಒಂದು ಶೇಕಡಾ. ಸಮಾನ ವಂತಿಗೆ ಕೇಳಲು ನ್ಯಾಯವಾಗಿ ಕಾಣುತ್ತದೆ, ಕೊಡುವವರಿಗೆ ಮಾತ್ರ ಹಾಗಿರುವುದಿಲ್ಲ.

ಒಂದು ಲೆಕ್ಕ ನೋಡಬಹುದು. ಹತ್ತು ಮಂದಿಯ ಒಂದು ಅಂಗಡಿಯ ಕೂಟಕ್ಕೆ ಒಟ್ಟು 6,000 ರೂ. ಬೇಕು ಎಂದಿಟ್ಟುಕೊಳ್ಳೋಣ. ಅರ್ಧ, ಅಂದರೆ 3,000 ಮಾಲಕರದ್ದು. ಉಳಿದ 3,000ವನ್ನು ಸಂಬಳ ನೋಡಿ ಹಂಚಬೇಕು: 30,000 ಸಂಬಳದ ಮ್ಯಾನೇಜರ್ 600, 20,000ದ ಇಬ್ಬರು ತಲಾ 400, 14,000ದ ಐವರು ತಲಾ 250, 10,000ದ ಇಬ್ಬರು ಸಹಾಯಕರು ತಲಾ 175. ಕೂಡಿಸಿದರೆ ಸರಿಯಾಗಿ 3,000. ಮಾಲಕರು ಪೂರ್ತಿ ಖರ್ಚು ಹಾಕುವುದಾದರೆ ಇನ್ನೂ ಒಳ್ಳೆಯದು. ಆದರೆ ಅದನ್ನು ಬೋನಸ್ ಲೆಕ್ಕಕ್ಕೆ ಸೇರಿಸಬಾರದು. 20 ಅಥವಾ ಹೆಚ್ಚು ಮಂದಿ ಇರುವ ಸಂಸ್ಥೆಗಳಲ್ಲಿ ಅರ್ಹ ನೌಕರರಿಗೆ ವರ್ಷದ ಸಂಬಳದ ಕನಿಷ್ಠ 8.33 ಶೇಕಡಾ ಬೋನಸ್ ಕೊಡಬೇಕೆಂದು ಕಾನೂನೇ ಇದೆ. ಬಿರಿಯಾನಿ ಅದರ ಬದಲಿ ಆಗುವುದಿಲ್ಲ.

ಹಣ ಸಂಗ್ರಹಿಸುವವರು ಯಾರು ಎಷ್ಟು ಕೊಟ್ಟರು ಎಂದು ಗ್ರೂಪಿನಲ್ಲಿ ಪಟ್ಟಿ ಹಾಕುವ ಅಭ್ಯಾಸ ಬಿಡಬೇಕು. ಒಟ್ಟು ಬಂದದ್ದು, ಒಟ್ಟು ಖರ್ಚಾದದ್ದು, ಇಷ್ಟು ಹಾಕಿದರೆ ಸಾಕು.

ಯಾವ ದಿನ, ಯಾವ ಹೊತ್ತು

ದಿನ ನಿಶ್ಚಯಿಸುವುದು ಆಟ ಆರಿಸುವುದಕ್ಕಿಂತ ಕಷ್ಟ. ಜವಳಿ, ಚಪ್ಪಲಿ, ಫ್ಯಾನ್ಸಿ ಅಂಗಡಿಗಳಿಗೆ ರಮಝಾನಿನ ಕೊನೆಯ ಹತ್ತು ದಿನ ಉಸಿರಾಡಲೂ ಪುರುಸೊತ್ತಿರುವುದಿಲ್ಲ. ಈದ್ ಕಳೆದ ವಾರ ವ್ಯಾಪಾರ ತಣ್ಣಗಾಗುತ್ತದೆ. ಕೂಟಕ್ಕೆ ಅದೇ ಸರಿಯಾದ ಕಾಲ. ಆದರೆ ಒಂದು ಮಾತು ಹಲವರು ಮರೆಯುತ್ತಾರೆ. ಈದುಲ್ ಫಿತ್ರ್ ಆದ ಮೇಲೆ ಶವ್ವಾಲ್ ತಿಂಗಳ ಆರು ಸುನ್ನತ್ ಉಪವಾಸ ಹಿಡಿಯುವವರು ಪ್ರತಿ ಅಂಗಡಿಯಲ್ಲೂ ಒಬ್ಬಿಬ್ಬರು ಇರುತ್ತಾರೆ, ಅದರಲ್ಲೂ ಮಹಿಳೆಯರು. ಮಧ್ಯಾಹ್ನದ ಊಟ ಇಟ್ಟರೆ ಅವರು ಸುಮ್ಮನೆ ಕುಳಿತು ನೋಡಬೇಕು. ಮೊದಲೇ ಕೇಳಿ, ಅಸರ್ ನಮಾಝಿನ ಬಳಿಕ ಆಟ, ಮಗ್ರಿಬ್ ಆದ ಮೇಲೆ ಊಟ ಎಂದಿಟ್ಟರೆ ಸಮಸ್ಯೆಯೇ ಇಲ್ಲ. ಶುಕ್ರವಾರ ಬೆಳಗ್ಗಿನ ಕಾರ್ಯಕ್ರಮ ಜುಮಾದ ಗಡಿಬಿಡಿಯಲ್ಲಿ ಹರಿದುಹೋಗುತ್ತದೆ.

ಬಿಸಿಲನ್ನೂ ನೋಡಬೇಕು. ಹಿಜರಿ ವರ್ಷ ಸುಮಾರು 11 ದಿನ ಚಿಕ್ಕದಾದ್ದರಿಂದ ಈದ್ ವರ್ಷ ವರ್ಷವೂ ಹಿಂದಕ್ಕೆ ಬರುತ್ತದೆ. 2024ರಲ್ಲಿ ಏಪ್ರಿಲ್ 10, 2025ರಲ್ಲಿ ಮಾರ್ಚ್ 31. ಅಂದರೆ ಈಗ ಕೆಲವು ವರ್ಷ ಬೇಸಿಗೆಯ ಬಾಯಲ್ಲೇ ಹಬ್ಬ. ಬೇಸಿಗೆಯಲ್ಲಿ ಹೊರಗೆ ದುಡಿಯುವವರಿಗೆ ಮಧ್ಯಾಹ್ನ 12ರಿಂದ 3ರವರೆಗೆ ವಿಶ್ರಾಂತಿ ಕೊಡಬೇಕೆಂದು ಕೇರಳ ಕಾರ್ಮಿಕ ಇಲಾಖೆ ಇತ್ತೀಚಿನ ವರ್ಷಗಳಲ್ಲಿ ಆದೇಶ ಹೊರಡಿಸುತ್ತಿದೆ. ಕೆಲಸಕ್ಕೆ ಇರುವ ನಿಯಮ ಮೈದಾನದ ಆಟಕ್ಕೂ ಇರಲಿ.

ಯಾರ ಸಂಬಳವೂ ಹೋಗದ ದಿನ ಬೇಕಿದ್ದರೆ ಜನವರಿ 26, ಮೇ 1, ಆಗಸ್ಟ್ 15 ಮತ್ತು ಅಕ್ಟೋಬರ್ 2 ಇವೆ. ಕೇರಳದ 1958ರ ರಜಾ ಕಾಯ್ದೆಯಲ್ಲಿ ಇವು ಸಂಬಳ ಸಹಿತ ರಜೆಗಳು. ಆದರೆ ರಜೆಯ ದಿನ ಕೂಟಕ್ಕೆ ಬರುವುದು ಅವರವರ ಇಷ್ಟ. ಬಾರದವನ ಹೆಸರಿಗೆ ಮರುದಿನ ಗೀಟು ಹಾಕಬಾರದು. ದಿನಗೂಲಿಯವರು ಇರುವ ಕಡೆ ಅಂಗಡಿಯನ್ನು ಎರಡು ಗಂಟೆ ಬೇಗ ಮುಚ್ಚಿ ಪೂರ್ತಿ ದಿನದ ಕೂಲಿ ಕೊಡುವುದು ಇನ್ನೂ ಸುಲಭದ ದಾರಿ. ಮಾಲಕರ ಕೈಯಿಂದ ಹೋಗುವುದು ಎರಡು ಗಂಟೆಯ ವ್ಯಾಪಾರ ಮಾತ್ರ.

ಅಂಗಡಿಯ ಕೆಲಸದಿಂದಲೇ ಆಟ

ಈವೆಂಟ್ ಕಂಪೆನಿಗಳು ಮಾರುವ ‘ಟೀಮ್ ಬಿಲ್ಡಿಂಗ್’ ಪ್ಯಾಕೇಜ್‌ಗಳಲ್ಲಿ ಹಗ್ಗ, ಬಲೂನ್, ಟೀ ಶರ್ಟ್, ಡ್ರೋನ್ ಫೋಟೊ ಎಲ್ಲ ಇರುತ್ತದೆ. ಬಿಲ್ಲೂ ಹಾಗೆಯೇ ಇರುತ್ತದೆ. ಸಣ್ಣ ಜಾಗಗಳಿಗೆ ಅದರ ಅಗತ್ಯವಿಲ್ಲ. ಕಡಿಮೆ ಖರ್ಚಿನ ಆಟ ಅಂಗಡಿಯೊಳಗೇ ಇದೆ.

ದಿನಸಿ ಅಂಗಡಿಯಲ್ಲಿ ಹಳೆಯ ಪೇಪರಿನಲ್ಲಿ ಪೊಟ್ಟಣ ಕಟ್ಟಿ ನೂಲು ಸುತ್ತುವ ಸ್ಪರ್ಧೆ ಇಟ್ಟು ನೋಡಬೇಕು. ಇಪ್ಪತ್ತು ವರ್ಷದಿಂದ ಪೊಟ್ಟಣ ಕಟ್ಟುತ್ತಿರುವ ಕಾಕನ ಬೆರಳು ಓಡುವ ವೇಗಕ್ಕೆ ಬಿ.ಕಾಂ. ಓದಿದ ಬಿಲ್ಲಿಂಗ್ ಹುಡುಗ ತಲೆ ಬಾಗಿಸುತ್ತಾನೆ. ಬೇಕರಿಯಲ್ಲಿ ಪಫ್ಸ್ ಮಡಚುವುದು, ಹೋಟೆಲಿನಲ್ಲಿ ಪರೋಟ ಬೀಸುವುದು, ಜವಳಿಯಲ್ಲಿ ಬಿಚ್ಚಿದ ಸೀರೆಯನ್ನು ಮೊದಲಿನ ಮಡಿಕೆಗೆ ತರುವುದು, ಮೆಡಿಕಲ್ ಶಾಪಿನಲ್ಲಿ ವೈದ್ಯರ ಕೈಬರಹ ಓದುವುದು. ನಿಯಮ ಒಂದೇ: ಆ ಕೆಲಸ ದಿನಾ ಮಾಡುವವರು ಸ್ಪರ್ಧಿಸಬಾರದು, ಕಲಿಸಬೇಕು. ಮಾಲಕ ಮತ್ತು ಮ್ಯಾನೇಜರ್ ಶಿಷ್ಯರು. ಒಬ್ಬ ಉಸ್ತಾದನಿಗೆ ಇಬ್ಬರು ಶಿಷ್ಯರಂತೆ ಗುಂಪು ಮಾಡಿ, ಹತ್ತು ನಿಮಿಷ ಕಲಿಸಲು, ಐದು ನಿಮಿಷ ಮಾಡಲು. ಗೆದ್ದದ್ದು ಉಸ್ತಾದನ ಹೆಸರಿಗೆ. ಇದಕ್ಕೆ ತಗಲುವುದು ಒಂದು ಕಟ್ಟು ಹಳೆ ಪೇಪರ್ ಅಥವಾ ಎರಡು ಕಿಲೋ ಮೈದಾ. ವರ್ಷವಿಡೀ ಆರ್ಡರ್ ಕೇಳಿಸಿಕೊಳ್ಳುವವನು ಒಂದು ಸಂಜೆ ಆರ್ಡರ್ ಕೊಡುವುದನ್ನು ನೋಡಿದರೆ ಸಾಕು, ಬೇರೆ ಮನರಂಜನೆ ಬೇಡ. ಮೊದಲ ವರ್ಷ ಮಾಲಕರಿಗೆ ಸ್ವಲ್ಪ ನಾಚಿಕೆ ಆಗಬಹುದು, ಆಗಲಿ.

ಎರಡನೆಯದು ಭಾಷೆಯ ಆಟ. ಕಾಸರಗೋಡನ್ನು ಸಪ್ತಭಾಷಾ ಸಂಗಮ ಭೂಮಿ ಎಂದು ಭಾಷಣದಲ್ಲಿ ಹೇಳುವುದು ವಾಡಿಕೆ. ಶಿರಿಯದ ಅಂಗಡಿಯೊಂದರ ಕೌಂಟರಿನಲ್ಲಿ ಅದು ದಿನದ ಕೆಲಸ. ಒಂದು ವಸ್ತು ಎತ್ತಿ ಹಿಡಿದು ಗುಂಪಿನವರು ಎಷ್ಟು ಭಾಷೆಯಲ್ಲಿ ಹೆಸರು ಹೇಳುತ್ತಾರೆ ನೋಡುವುದು. ತೆಂಗಿನಕಾಯಿ ಎತ್ತಿದರೆ ಮಲಯಾಳದವನು ತೇಙ್ಙ, ತುಳುವಿನವಳು ತಾರಾಯಿ, ಕೊಂಕಣಿಯವರು ನಾರ್ಲು, ಹಿಂದಿಯವನು ನಾರಿಯಲ್ ಎನ್ನುತ್ತಾರೆ. ಬಂಗಾಳದಿಂದ ಬಂದು ಹಿಂದಿನ ಬಾಗಿಲಲ್ಲಿ ಮೂಟೆ ಇಳಿಸುವ ಹುಡುಗ ನಾರ್ಕೆಲ್ ಎಂದಾಗ ಅವನ ಗುಂಪಿಗೆ ಒಂದು ಅಂಕ ಹೆಚ್ಚು. ಕೇರಳ ಸರಕಾರ ಇವರನ್ನು ‘ಅತಿಥಿ ಕಾರ್ಮಿಕರು’ ಎಂದು ಕರೆಯುತ್ತದೆ. ಅತಿಥಿಯನ್ನು ಬಿಟ್ಟು ಕೂಟ ಮಾಡುವುದು ಸರಿಯಲ್ಲ. ಅವರ ಹೆಸರು ಪಟ್ಟಿಯಲ್ಲಿ ಇದೆಯೇ ಎಂದು ಇನ್ನೊಮ್ಮೆ ನೋಡಬೇಕು, ಸಾಮಾನ್ಯವಾಗಿ ಬಿಟ್ಟುಹೋಗುವುದು ಅವರದ್ದೇ.

ಹನ್ನೆರಡು ಮಂದಿ ಇರುವಲ್ಲಿ ಕೋಲ್ಕಳಿ ಆಡಬಹುದು. ಶಾಲಾ ಕಲೋತ್ಸವದಲ್ಲಿ ಒಂದು ತಂಡಕ್ಕೆ ಹನ್ನೆರಡೇ ಮಂದಿ. ಕಲೋತ್ಸವದಲ್ಲಿ ಆಡಿ ಬಂದ ಹುಡುಗರು ಊರಲ್ಲಿ ಸಿಗುತ್ತಾರೆ, ಅಂಥ ಒಬ್ಬನನ್ನು ಕರೆದರೆ ಎರಡು ಹೆಜ್ಜೆ ಕಲಿಯಲು ಒಂದು ಗಂಟೆ ಸಾಕು. ಒಬ್ಬನ ಕೋಲು ತಡವಾದರೆ ಎದುರಿನವನ ಕೋಲು ಗಾಳಿಗೆ ಬೀಸುತ್ತದೆ, ಸದ್ದೇ ಹೇಳಿಬಿಡುತ್ತದೆ. ಒಟ್ಟಿಗೆ ಕೆಲಸ ಮಾಡುವುದೆಂದರೇನು ಎಂದು ಇದಕ್ಕಿಂತ ಚೆನ್ನಾಗಿ ಯಾವ ಟ್ರೈನರ್ ಹೇಳಿಕೊಡಲಾರ. ಲಗೋರಿಯೂ ಒಳ್ಳೆಯದೇ, ಏಳು ಹಂಚಿನ ತುಂಡು ಮತ್ತು ಒಂದು ಚೆಂಡು.

ಫುಟ್‌ಬಾಲ್ ಬಗ್ಗೆ ಹೇಳದೆ ಇರಲಾಗದು, ಪಕ್ಕದಲ್ಲೇ ಮೊಗ್ರಾಲ್ ಇದೆ. ಟರ್ಫ್‌ಗೆ ಗಂಟೆ ಲೆಕ್ಕದ ಬಾಡಿಗೆ, ರಾತ್ರಿಗಿಂತ ಹಗಲು ಕಡಿಮೆ. ಆದರೆ ಕೂಟ ಎಂದರೆ ಫುಟ್‌ಬಾಲ್ ಮಾತ್ರ ಎಂದಾದರೆ ಆಡುವವರು ಎಂಟು ಹುಡುಗರು, ಉಳಿದವರು ಪ್ರೇಕ್ಷಕರು. ಜವಳಿ ಅಂಗಡಿಯ ಮಹಿಳಾ ಸಿಬ್ಬಂದಿ ದಿನವಿಡೀ ನಿಂತೇ ಇರುತ್ತಾರೆ. ಕುಳಿತುಕೊಳ್ಳುವ ಹಕ್ಕಿಗಾಗಿ ಕೋಝಿಕ್ಕೋಡಿನ ‘ಪೆಣ್‌ಕೂಟ್’ ಮಹಿಳೆಯರು ವರ್ಷಗಟ್ಟಲೆ ಹೋರಾಡಿದ ಮೇಲೆ 2018ರಲ್ಲಿ ಕೇರಳ ಅಂಗಡಿ ಕಾಯ್ದೆಗೆ ತಿದ್ದುಪಡಿ ಬಂತು. ಅಂಥವರನ್ನು ರಜೆಯ ದಿನ ಮೈದಾನದ ಬದಿಯಲ್ಲಿ ಮತ್ತೆ ನಿಲ್ಲಿಸಿ ಚಪ್ಪಾಳೆ ಹೊಡೆಸುವುದು ಯಾವ ಕೂಟ? ಕುಳಿತು ಆಡುವ ಆಟಗಳು ಅರ್ಧವಾದರೂ ಇರಲಿ. ಮೈ ತಾಗುವ ಆಟಗಳನ್ನು (ಮೂರು ಕಾಲಿನ ಓಟ, ಹಗ್ಗಜಗ್ಗಾಟ) ಗಂಡಸರು ಹೆಂಗಸರು ಬೇರೆ ಬೇರೆಯಾಗಿ ಆಡಲಿ. ಫೋಟೊ ತೆಗೆಯುವ ಮೊದಲು ಕೇಳಬೇಕು, ಸ್ಟೇಟಸ್‌ಗೆ ಹಾಕುವ ಮೊದಲು ಇನ್ನೊಮ್ಮೆ ಕೇಳಬೇಕು.

ಟಿಕೆಟ್‌ಗೆ ಹಣ ಹಾಕಿಸಿ ಆಡಿಸುವ ಹೌಸಿ, ಲಕ್ಕಿ ಡ್ರಾ ಬೇಡ. ಜೂಜಿನ ಸಾಲಿಗೆ ಸೇರುತ್ತದೆಂದು ಹಲವರು ಅದರಿಂದ ದೂರ ನಿಲ್ಲುತ್ತಾರೆ. ಬಹುಮಾನ ಬೇಕೇ ಬೇಕಾದರೆ ಮಾಲಕರ ಕಡೆಯಿಂದ, ಎಲ್ಲರಿಗೂ ಒಂದೇ ತರದ್ದು. ಸ್ಟೀಲ್ ಡಬ್ಬಿಯೋ ಟವೆಲೋ ಆದರೆ ಮನೆಯಲ್ಲಿ ಉಪಯೋಗಕ್ಕೆ ಬರುತ್ತದೆ. ಟ್ರೋಫಿ ಶೋಕೇಸಿನಲ್ಲಿ ಧೂಳು ಹಿಡಿಯುತ್ತದೆ.

ಜಾಗ ಮತ್ತು ಊಟ

ಶಾಲೆಯ ಮೈದಾನ, ಯಾರದ್ದಾದರೂ ಮನೆಯ ಅಂಗಳ, ತೆಂಗಿನ ತೋಟ, ಇವೆಲ್ಲ ಬಾಡಿಗೆ ಇಲ್ಲದ ಜಾಗಗಳು. ಶಾಲೆಯಾದರೆ ಮುಖ್ಯೋಪಾಧ್ಯಾಯರ ಅನುಮತಿ ಬೇಕು. ಶಿರಿಯ ಹೊಳೆಯ ಬದಿ ಸಂಜೆಗೆ ತಂಪು, ಆದರೆ ಅಳಿವೆ ಬಾಗಿಲಿನ ಹತ್ತಿರ ನೀರಿಗಿಳಿಯುವ ಆಟ ಖಂಡಿತಾ ಬೇಡ. ಹೊಳೆಯ ಸೆಳೆತ, ಸಮುದ್ರದ ಅಲೆ ಒಟ್ಟಾಗುವ ಜಾಗ ಈಜು ಬಲ್ಲವರಿಗೂ ಅಪಾಯ. ಮಳೆಗಾಲದಲ್ಲಿ ಕಡಲ ತೀರವನ್ನೇ ಬಿಡುವುದು ಒಳ್ಳೆಯದು.

ಹೊರಗೆ ಹೋಗುವುದಾದರೆ ಪೈವಳಿಕೆ ಕಡೆಯ ಪೊಸಡಿಗುಂಪೆ ಹತ್ತಿರದಲ್ಲೇ ಇದೆ. ಸಾವಿರ ಅಡಿಗೂ ಮಿಕ್ಕಿದ ಎತ್ತರ. ಬೆಳಗ್ಗೆ ಬೇಗ ಹತ್ತಿದರೆ ಒಂದು ಕಡೆ ಕಡಲು, ಇನ್ನೊಂದು ಕಡೆ ಘಟ್ಟ. ಪ್ರಾಯವಾದವರು ಇದ್ದರೆ ಬೇಕಲ ಕೋಟೆ ವಾಸಿ. ಕುಂಬಳೆಯಿಂದ ಪ್ಯಾಸೆಂಜರ್ ರೈಲು ಹಿಡಿದರೆ ವ್ಯಾನಿನ ಬಾಡಿಗೆ ಉಳಿಯುತ್ತದೆ. ಕೋಟೆ ಪುರಾತತ್ವ ಇಲಾಖೆಯ ವಶದಲ್ಲಿರುವುದರಿಂದ ಪ್ರವೇಶಕ್ಕೆ ಟಿಕೆಟ್ ಇದೆ, 15 ವರ್ಷದೊಳಗಿನ ಮಕ್ಕಳಿಗೆ ಇಲ್ಲ. ಬುತ್ತಿ ಬಿಚ್ಚುವುದೆಲ್ಲ ಕೋಟೆಯ ಹೊರಗೆ.

ಊಟಕ್ಕೆ ಹೋಟೆಲ್ ಪಾರ್ಸೆಲ್‌ಗಿಂತ ಒಟ್ಟು ಸೇರಿ ಅಡುಗೆ ಮಾಡುವುದು ಅಗ್ಗ, ಮತ್ತು ಅದೇ ದೊಡ್ಡ ಆಟ. ಒಂದು ಕಿಲೋ ಅಕ್ಕಿಯ ಕೋಳಿ ಬಿರಿಯಾನಿ ಏಳೆಂಟು ಮಂದಿಗೆ ಸಾಕು. ಇಪ್ಪತ್ತು ಮಂದಿಗೆ ಮೂರು ಕಿಲೋ ಹಾಕಿದರೆ ಮನೆಗೆ ಕೊಂಡುಹೋಗಲೂ ಉಳಿಯುತ್ತದೆ. ನೀರುಳ್ಳಿ ಕೊಯ್ಯುವವರ ಗುಂಪಿನಲ್ಲಿ ಮ್ಯಾನೇಜರ್ ಇರಲೇಬೇಕು. ಮಾಂಸ ತಿನ್ನದವರಿಗೆ ಬೇರೆ ಪಾತ್ರೆ, ಬೇರೆ ಸೌಟು. ‘ಮೊಟ್ಟೆ ತಿನ್ನಬಹುದಲ್ಲಾ’ ಎಂದು ಒತ್ತಾಯ ಮಾಡಬಾರದು. ಮೀನಿನ ಊಟ ಯೋಚಿಸುವವರು ಜೂನ್ 9ರ ಮಧ್ಯರಾತ್ರಿಯಿಂದ ಜುಲೈ 31ರವರೆಗಿನ 52 ದಿನ ಬಿಡುವುದು ಒಳ್ಳೆಯದು. ಕೇರಳದಲ್ಲಿ ಟ್ರಾಲಿಂಗ್ ನಿಷೇಧ ಇರುವ ಆ ದಿನಗಳಲ್ಲಿ ಬೆಲೆ ಏರುತ್ತದೆ. ದೊಡ್ಡ ಪಾತ್ರೆ, ತಟ್ಟೆಗಳು ಜಮಾಅತಿನಲ್ಲೋ ಕ್ಲಬ್ಬಿನಲ್ಲೋ ಸಿಗುತ್ತವೆ. ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ಕೇರಳದಲ್ಲಿ 2020ರ ಜನವರಿ 1ರಿಂದ ನಿಷೇಧ, ಬಾಳೆ ಎಲೆಗೆ ನಿಷೇಧವಿಲ್ಲ, ತೊಳೆಯುವ ಕೆಲಸವೂ ಇಲ್ಲ. ಉಳಿದ ಪಾತ್ರೆ ತೊಳೆಯುವವರು ಯಾರು ಎಂದು ಚೀಟಿ ಎತ್ತಿ ನಿಶ್ಚಯಿಸಬೇಕು. ಇಲ್ಲದಿದ್ದರೆ ಅದು ಮತ್ತೆ ಅದೇ ಸಹಾಯಕನ, ಅದೇ ಹೆಂಗಸರ ತಲೆಗೆ ಬರುತ್ತದೆ.

ಗಲ್ಫಿನಲ್ಲಿ ಸೂಪರ್ ಮಾರ್ಕೆಟ್, ಕೆಫ್ಟೀರಿಯಾಗಳಲ್ಲಿ ದುಡಿಯುವ ಊರಿನವರಿಗೆ ಲೆಕ್ಕ ಸ್ವಲ್ಪ ಬೇರೆ. ಯುಎಇಯಲ್ಲಿ 2022ರಿಂದ ಸರಕಾರಿ ಕಚೇರಿಗಳಿಗೆ ಶನಿವಾರ, ಭಾನುವಾರ ರಜೆಯಾದರೂ ಅಂಗಡಿಯವರಿಗೆ ವಾರವಿಡೀ ಶಿಫ್ಟ್, ಈದಿನ ದಿನವೂ ಬಾಗಿಲು ತೆರೆದೇ ಇರುತ್ತದೆ. ಅಲ್ಲಿ ಒಂದೇ ದೊಡ್ಡ ಕೂಟದ ಬದಲು ಎರಡು ಸಣ್ಣ ಕೂಟ ಮಾಡಬೇಕು: ಬೆಳಗ್ಗಿನ ಶಿಫ್ಟಿನವರಿಗೆ ರಾತ್ರಿ, ರಾತ್ರಿಯವರಿಗೆ ಮರುದಿನ ಬೆಳಗ್ಗೆ. ಮೊದಲ ಗುಂಪು ಎರಡನೆಯ ಗುಂಪಿಗೆ ಅಡುಗೆ ಮಾಡಿಡಲಿ, ಎರಡನೆಯವರು ಪಾರ್ಕಿನಲ್ಲಿ ಚಾಪೆ ಹಾಸುವ, ಚಾ ಮಾಡುವ ಜವಾಬ್ದಾರಿ ತೆಗೆದುಕೊಳ್ಳಲಿ. ಬೇಸಿಗೆಯಲ್ಲಿ ಪಾರ್ಕ್ ಬೇಡ, ರೂಮಿನಲ್ಲೇ ಆಗಬಹುದು. ಭಾಷೆಯ ಆಟಕ್ಕೆ ಅಲ್ಲಿ ಏಳು ಭಾಷೆ ಸಾಲದು, ಅರಬಿ, ತಮಿಳು, ನೇಪಾಳಿ, ತಗಾಲೊಗ್ ಎಲ್ಲ ಸೇರಿಸಬೇಕಾಗುತ್ತದೆ.