ವೈದ್ಯರಿಗೂ ಒಂದು ಪರೀಕ್ಷೆ: ಮಳಖೇಡದಿಂದ ಕಲಬುರಗಿಗೆ

ಸೇಡಂ ತಾಲ್ಲೂಕಿನ ಮಳಖೇಡಕ್ಕೆ ಹೋದವರು ಕಾಗಿಣಾ ನದಿಯ ದಂಡೆಯ ಮೇಲಿನ ಕೋಟೆಯನ್ನು ನೋಡುತ್ತಾರೆ. ನೃಪತುಂಗನನ್ನೂ ‘ಕವಿರಾಜಮಾರ್ಗ’ವನ್ನೂ ನೆನೆದು ಹಿಂದಿರುಗುತ್ತಾರೆ. ರಾಷ್ಟ್ರಕೂಟರ ಈ ರಾಜಧಾನಿಯಲ್ಲಿ ಕವಿಗಳಂತೆ ವೈದ್ಯರನ್ನೂ ಒರೆಗೆ ಹಚ್ಚಿದ್ದರು ಎಂಬ ಸಂಗತಿ ಅಷ್ಟಾಗಿ ಪ್ರಚಾರಕ್ಕೆ ಬಂದಿಲ್ಲ. ಅದಕ್ಕೆ ಸಾಕ್ಷಿಯಾಗಿ ಉಳಿದಿರುವುದು ಉಗ್ರಾದಿತ್ಯನೆಂಬ ಜೈನ ವೈದ್ಯ ಸಂಸ್ಕೃತದಲ್ಲಿ ಬರೆದ ‘ಕಲ್ಯಾಣಕಾರಕ’. ಹೈದರಾಬಾದ್ ಕರ್ನಾಟಕಕ್ಕೆ 2019ರಲ್ಲಿ ಕಲ್ಯಾಣ ಕರ್ನಾಟಕವೆಂದು ಮರುನಾಮಕರಣವಾಯಿತಲ್ಲ, ಅದಕ್ಕೂ ಈ ಗ್ರಂಥದ ಹೆಸರಿಗೂ ಸಂಬಂಧವೇನೂ ಇಲ್ಲ. ಆದರೂ ಎರಡೂ ಒಂದೇ ಮಣ್ಣಿನಲ್ಲಿ ಕೂಡಿಕೊಂಡಿರುವುದು ಚೆನ್ನಾಗಿದೆ.

ಉಗ್ರಾದಿತ್ಯ ಶ್ರೀನಂದಿ ಎಂಬ ಗುರುವಿನ ಶಿಷ್ಯ. ಗ್ರಂಥವನ್ನು ಬರೆದದ್ದು ರಾಮಗಿರಿಯಲ್ಲಿ. ಮಾಂಸ, ಮದ್ಯ, ಜೇನುತುಪ್ಪಗಳನ್ನು ಬಳಸದೆ ಮದ್ದು ಮಾಡುವುದು ಹೇಗೆ ಎಂಬುದೇ ಅದರ ವೈಶಿಷ್ಟ್ಯ. ಗ್ರಂಥದ ಕೊನೆಗೆ ‘ಹಿತಾಹಿತ’ ಎಂಬ ಒಂದು ಅಧ್ಯಾಯವನ್ನು ಸೇರಿಸಲಾಗಿದೆ. ನೃಪತುಂಗ ವಲ್ಲಭ ಮಹಾರಾಜನ ಸಭೆಯಲ್ಲಿ, ವಿದ್ವಾಂಸರೂ ವೈದ್ಯರೂ ನೆರೆದಿದ್ದಾಗ, ಔಷಧವಾಗಿ ಮಾಂಸ ನಿಷ್ಪ್ರಯೋಜಕವೆಂದು ಆತ ಮಂಡಿಸಿದ ವಾದ ಅದರಲ್ಲಿದೆ. ಈ ನೃಪತುಂಗ ಕ್ರಿ.ಶ. 814ರಿಂದ 878ರವರೆಗೆ ಆಳಿದ ಒಂದನೆಯ ಅಮೋಘವರ್ಷ ಎಂಬುದು ಬಹುಪಾಲು ವಿದ್ವಾಂಸರ ಅಭಿಪ್ರಾಯ. ಜಿನಸೇನಾಚಾರ್ಯರನ್ನು ಗುರುವೆಂದು ಗೌರವಿಸುತ್ತಿದ್ದ ದೊರೆಯ ಮುಂದೆ ಅಹಿಂಸೆಯ ಪರವಾಗಿ ವಾದಿಸುವುದು ಅಷ್ಟೇನೂ ಕಷ್ಟವಾಗಿರಲಿಕ್ಕಿಲ್ಲ! ಎದುರು ಪಕ್ಷದ ವೈದ್ಯರು ಏನು ಹೇಳಿದರೆಂಬುದು ಅವರದೇ ಮಾತಿನಲ್ಲಿ ಉಳಿದು ಬಂದಿಲ್ಲ. ಪರೀಕ್ಷೆಯ ವರದಿ ಗೆದ್ದವನ ಕೈಯಿಂದಲೇ ಬಂದಿದೆ ಎಂಬುದನ್ನು ಮರೆಯದೆ ಓದಬೇಕಾದ ಅಧ್ಯಾಯವಿದು.

ಇಂಥ ವಾದ ಆಸ್ಥಾನದ ವಿನೋದಕ್ಕೆ ಹುಟ್ಟಿದ್ದಲ್ಲ. ಆಯುರ್ವೇದದಲ್ಲಿ ಅದಕ್ಕೊಂದು ಶಾಸ್ತ್ರವೇ ಇತ್ತು. ಚರಕಸಂಹಿತೆಯ ವಿಮಾನಸ್ಥಾನದಲ್ಲಿ ವೈದ್ಯ ವೈದ್ಯನೊಡನೆ ಚರ್ಚಿಸುವುದಕ್ಕೆ ‘ತದ್ವಿದ್ಯ ಸಂಭಾಷೆ’ ಎಂದು ಹೆಸರು. ಅದರಲ್ಲಿ ಎರಡು ಬಗೆ. ಸ್ನೇಹದಿಂದ ಕಲಿಯುವುದಕ್ಕಾಗಿ ನಡೆಸುವುದು ಒಂದು. ಎದುರಾಳಿಯನ್ನು ಸೋಲಿಸಲೆಂದೇ ನಡೆಸುವುದು ಇನ್ನೊಂದು. ಎರಡನೆಯದಕ್ಕೆ ಇಳಿಯುವ ಮುನ್ನ ಎದುರಾಳಿಯ ಬಲಾಬಲ, ಸಭೆಯ ಮನೋಭಾವ ಎರಡನ್ನೂ ತೂಗಿ ನೋಡಬೇಕೆಂಬ ಎಚ್ಚರಿಕೆಯೂ ಅಲ್ಲಿದೆ. ಇಂದಿನ ಮೌಖಿಕ ಪರೀಕ್ಷೆಗೆ ಕೂರುವ ಎಂ.ಡಿ. ವಿದ್ಯಾರ್ಥಿ, ಬರುವ ಪರೀಕ್ಷಕರು ಯಾರು, ಅವರಿಗೆ ಯಾವ ವಿಷಯ ಇಷ್ಟ ಎಂದು ಹಿರಿಯರನ್ನು ವಿಚಾರಿಸುತ್ತಾ ತಿರುಗುವುದು ಈ ಸಲಹೆಗಿಂತ ತೀರ ಬೇರೆಯದಲ್ಲ.

ಸುಶ್ರುತನ ದಾರಿ ಇನ್ನಷ್ಟು ಪ್ರಾಯೋಗಿಕ. ಶಸ್ತ್ರವಿದ್ಯೆ ಕಲಿಯುವವರು ಮೊದಲು ಕುಂಬಳ, ಸೋರೆಯಂಥ ಕಾಯಿಗಳನ್ನು ಕೊಯ್ದು ಕೈ ಪಳಗಿಸಿಕೊಳ್ಳಬೇಕು. ಓದು, ಅಭ್ಯಾಸ ಎರಡೂ ಮುಗಿದ ಮೇಲೆ ಅರಸನ ಅನುಮತಿ ಪಡೆದು ವೃತ್ತಿಗೆ ಇಳಿಯಬೇಕು. ಹೀಗೆ ಇಂದು ಮೂರು ಮಾತಿನಲ್ಲಿ ಹೇಳುವ ತರಬೇತಿ, ಪರೀಕ್ಷೆ, ನೋಂದಣಿಯ ಬೀಜಗಳು ಆಗಲೇ ಇದ್ದವು. ಇಲ್ಲದ್ದು ಒಂದೇ: ಪ್ರತಿಯೊಬ್ಬ ವೈದ್ಯನೂ ತಪ್ಪದೆ ಹಾಯಬೇಕಾದ ಒಂದೇ ಬಾಗಿಲು.

ಅಂಥ ಬಾಗಿಲೊಂದನ್ನು ನಿಲ್ಲಿಸಿದ ಹಳೆಯ ಪ್ರಸಿದ್ಧ ಉದಾಹರಣೆ ಬಾಗ್ದಾದಿನದು. ಮಳಖೇಡಕ್ಕೂ ಆ ನಗರಕ್ಕೂ ಪರಿಚಯವಿತ್ತು. ಅರಬ್ ಬರಹಗಾರರು ರಾಷ್ಟ್ರಕೂಟ ದೊರೆಯನ್ನು ‘ಬಲ್ಹರಾ’ ಎಂದೂ ಅವನ ರಾಜಧಾನಿಯನ್ನು ‘ಮಾನ್ಕೀರ್’ ಎಂದೂ ಕರೆದಿದ್ದಾರೆ. ಬಾಗ್ದಾದಿನಲ್ಲಿ ಹುಟ್ಟಿದ ಅಲ್ ಮಸೂದಿ ಹತ್ತನೆಯ ಶತಮಾನದ ಆರಂಭದಲ್ಲಿ ಪಶ್ಚಿಮ ಕರಾವಳಿಗೆ ಬಂದು ಹೋದವನು. ಅದಾದ ಕೆಲವು ವರ್ಷಗಳಿಗೆ, 931ರಲ್ಲಿ, ಬಾಗ್ದಾದಿನ ಒಬ್ಬ ರೋಗಿ ವೈದ್ಯನ ತಪ್ಪಿನಿಂದ ಸತ್ತ. ಸುದ್ದಿ ಕೇಳಿದ ಖಲೀಫ ಅಲ್ ಮುಕ್ತದಿರ್, ಆಸ್ಥಾನ ವೈದ್ಯ ಸಿನಾನ್ ಇಬ್ನ್ ಸಾಬಿತ್‌ನ ಪರೀಕ್ಷೆಯಲ್ಲಿ ತೇರ್ಗಡೆಯಾಗದೆ ಯಾರೂ ವೈದ್ಯ ಮಾಡಕೂಡದೆಂದು ಆಜ್ಞೆ ಹೊರಡಿಸಿದ. ನಗರದಲ್ಲಿ 860ಕ್ಕೂ ಹೆಚ್ಚು ಮಂದಿ ಪರೀಕ್ಷೆಗೆ ನಿಂತರಂತೆ. ಹೆಸರಾಂತರಿಗೂ ಅರಮನೆಯ ವೈದ್ಯರಿಗೂ ವಿನಾಯಿತಿ ಇತ್ತು ಎಂಬುದನ್ನು ಬೇರೆ ಹೇಳಬೇಕಿಲ್ಲ.

ಸಿನಾನನ ಬಗ್ಗೆ ಅರಬ್ ಚರಿತ್ರೆಕಾರರು ಒಂದು ಸ್ವಾರಸ್ಯದ ಕಥೆ ಹೇಳುತ್ತಾರೆ. ಒಳ್ಳೆಯ ಉಡುಪಿನ ಮುದುಕನೊಬ್ಬ ಬಂದು, ಹಣವನ್ನು ಮುಂದಿಟ್ಟು, ತನಗೆ ಓದು ಬರಹ ಬಾರದು, ಆದರೆ ಸಂಸಾರ ದೊಡ್ಡದು ಎಂದು ಒಪ್ಪಿಕೊಂಡ. ತಿಳಿಯದ ರೋಗಕ್ಕೆ ಕೈ ಹಾಕಬಾರದು, ರಕ್ತ ತೆಗೆಯಬಾರದು, ಭೇದಿಯ ಮದ್ದು ಕೊಡಬಾರದು ಎಂಬ ಷರತ್ತಿನ ಮೇಲೆ ಸಿನಾನ್ ಬಿಟ್ಟುಕೊಟ್ಟ. ಮರುದಿನ ಒಬ್ಬ ಯುವಕ ಬಂದ. ನಿನ್ನ ಗುರು ಯಾರೆಂದು ಕೇಳಿದರೆ, ತನ್ನ ತಂದೆಯೇ ಎಂದು ಆ ಮುದುಕನ ಕಡೆಗೆ ಬೆರಳು ತೋರಿಸಿದ!

ಇತ್ತ ರಾಷ್ಟ್ರಕೂಟರ ಆಳ್ವಿಕೆ 973ರಲ್ಲಿ ಕೊನೆಗೊಂಡಿತು. ಮುಂದೆ ಹನ್ನೆರಡನೆಯ ಶತಮಾನದಲ್ಲಿ ಜಗದ್ದಳ ಸೋಮನಾಥ ಪೂಜ್ಯಪಾದರ ವೈದ್ಯಗ್ರಂಥವನ್ನು ಕನ್ನಡಕ್ಕೆ ತಂದ. ಅದರ ಹೆಸರೂ ‘ಕಲ್ಯಾಣಕಾರಕ’ವೇ. ಬಹಮನಿಗಳ ಕಾಲದಿಂದ ಯುನಾನಿ ಹಕೀಮರೂ ಈ ನಾಡಿಗೆ ಬಂದರು. ಕನ್ನಡದಲ್ಲಿ ಪಂಡಿತ, ಉರ್ದುವಿನಲ್ಲಿ ಹಕೀಮ ಎಂಬ ಜೋಡಿ ಹಳ್ಳಿಗಳಲ್ಲಿ ಬಹುಕಾಲ ನಡೆಯಿತು. ಅವರನ್ನು ಪರೀಕ್ಷಿಸುತ್ತಿದ್ದವರು ರೋಗಿಗಳು ಮಾತ್ರ.

ಹೊಸ ಬಗೆಯ ಪರೀಕ್ಷೆ ಬಂದದ್ದು ಹೈದರಾಬಾದಿನಿಂದ. ನಾಲ್ಕನೆಯ ನಿಜಾಮ ನಾಸಿರ್ ಉದ್ ದೌಲನ ಕಾಲದಲ್ಲಿ, 1846ರಲ್ಲಿ, ಬ್ರಿಟಿಷ್ ರೆಸಿಡೆನ್ಸಿಯ ಸರ್ಜನ್ ವಿಲಿಯಂ ಮೆಕ್ಲೀನ್‌ನ ಉಸ್ತುವಾರಿಯಲ್ಲಿ ಹೈದರಾಬಾದ್ ಮೆಡಿಕಲ್ ಸ್ಕೂಲ್ ಆರಂಭವಾಯಿತು. ಪಾಶ್ಚಾತ್ಯ ವೈದ್ಯವನ್ನು ಅಲ್ಲಿ ಉರ್ದುವಿನಲ್ಲಿ ಕಲಿಸಲಾಗುತ್ತಿತ್ತು. ತೇರ್ಗಡೆಯಾದವರಿಗೆ ‘ಹಕೀಮ್’ ಎಂಬ ಬಿರುದು. ಹಳೆಯ ಹೆಸರು, ಹೊಸ ವಿದ್ಯೆ. ಸೇಡಂ, ಚಿತ್ತಾಪುರ, ಚಿಂಚೋಳಿಗಳೆಲ್ಲ ಆಗ ನಿಜಾಮ್ ಸಂಸ್ಥಾನಕ್ಕೆ ಸೇರಿದ್ದವು. ಮದರಾಸು–ಮುಂಬಯಿ ಹಾದಿಯಲ್ಲಿದ್ದ ವಾಡಿಯಿಂದ ಸಿಕಂದರಾಬಾದಿಗೆ 1874ರಲ್ಲಿ ರೈಲು ಓಡತೊಡಗಿದ ಮೇಲೆ, ಚಿತ್ತಾಪುರ, ಸೇಡಂ ನಿಲ್ದಾಣಗಳಲ್ಲಿ ಹತ್ತಿ ತಾಂಡೂರಿನ ಮೇಲೆ ಹೈದರಾಬಾದು ಸೇರುವುದು ಸುಲಭವಾಯಿತು. ದೂರ ಇನ್ನೂರು ಕಿಲೋಮೀಟರಿಗೂ ಕಡಿಮೆ. ಆಡಕಿಯಂಥ ಹಳ್ಳಿಯವರಿಗೆ ಬೆಂಗಳೂರು ಎಂಬುದು ಕೇಳಿದ ಹೆಸರು; ಹೈದರಾಬಾದು ಹೋಗಿ ಬರುವ ಊರು.

ಈ ಶಾಲೆಗೆ 1885ರಲ್ಲಿ ಬಂದ ಎಡ್ವರ್ಡ್ ಲಾರಿ ಎಂಬ ಸರ್ಜನ್ ಅದನ್ನು ಲಂಡನ್ನಿನವರೆಗೂ ಚರ್ಚೆಯ ವಸ್ತುವಾಗಿಸಿದ. ಕ್ಲೋರೋಫಾರಂ ಕೊಟ್ಟು ಶಸ್ತ್ರಚಿಕಿತ್ಸೆ ಮಾಡುವಾಗ ರೋಗಿಯ ಯಾವ ಲಕ್ಷಣವನ್ನು ಗಮನಿಸಬೇಕು? ಉಸಿರಾಟವನ್ನು ಮಾತ್ರ ಎಂದು ಲಾರಿ. ನಾಡಿಯನ್ನೂ ಎಂದು ಲಂಡನ್ನಿನ ವೈದ್ಯರು. ಲಾರಿ 1888ರಲ್ಲಿ ಒಂದು ಆಯೋಗ ಮಾಡಿ ಪ್ರಾಣಿಗಳ ಮೇಲೆ ಪ್ರಯೋಗ ನಡೆಸಿದ. ‘ಲ್ಯಾನ್ಸೆಟ್’ ಪತ್ರಿಕೆ ನಂಬಲಿಲ್ಲ. ಆಗ ಆರನೆಯ ನಿಜಾಮ ಮಹಬೂಬ್ ಅಲಿ ಖಾನ್ ಸಾವಿರ ಪೌಂಡು ಕೊಟ್ಟು ಆ ಪತ್ರಿಕೆಯ ಪ್ರತಿನಿಧಿಯನ್ನೇ ಕರೆಸಿಕೊಂಡ. 1889ರಲ್ಲಿ ಬಂದ ಲಾಡರ್ ಬ್ರಂಟನ್ ಎರಡನೆಯ ಆಯೋಗದ ಪ್ರಯೋಗಗಳನ್ನು ಕಂಡು ಲಾರಿಯ ಕಡೆಗೇ ವಾಲಿದ. ಹೈದರಾಬಾದಿನ ವಿದ್ಯಾರ್ಥಿಗಳೂ ಈ ಕೆಲಸದಲ್ಲಿ ಕೈಜೋಡಿಸಿದ್ದರು. ಲಾರಿ ಹೆಣ್ಣುಮಕ್ಕಳನ್ನೂ ಶಾಲೆಗೆ ಸೇರಿಸಿಕೊಂಡ. ಅವರಲ್ಲೊಬ್ಬರಾದ ರೂಪಾ ಬಾಯಿ ಫರ್ದೂಂಜಿ 1889ರಲ್ಲಿ ಹಕೀಮ್ ಪರೀಕ್ಷೆಯಲ್ಲಿ ತೇರ್ಗಡೆಯಾಗಿ, ಅರಿವಳಿಕೆಯನ್ನೇ ತಮ್ಮ ಕ್ಷೇತ್ರವಾಗಿ ಆರಿಸಿಕೊಂಡರು. ಜಗತ್ತಿನ ಮೊದಲ ಮಹಿಳಾ ಅರಿವಳಿಕೆ ತಜ್ಞೆ ಎಂದು ಅವರನ್ನು ಹೆಸರಿಸುವುದುಂಟು. ಅವರಿಗೆ ಅರಿವಳಿಕೆಯಲ್ಲಿ ‘ತಜ್ಞ’ ಪದವಿ ಕೊಡುವ ಪರೀಕ್ಷೆ ಆಗಿನ್ನೂ ಎಲ್ಲೂ ಹುಟ್ಟಿರಲಿಲ್ಲ.

ಹೈದರಾಬಾದಿನಲ್ಲಿ ನಾಡಿಯ ಮಾತೆತ್ತಿದ ವಿದ್ಯಾರ್ಥಿಗೆ ಅಂಕ ಕಡಿಮೆಯಾಗುತ್ತಿತ್ತೋ ಏನೋ. ಲಂಡನ್ನಿನಲ್ಲಿ ಅದನ್ನು ಬಿಟ್ಟವನಿಗೆ. ಕ್ಲೋರೋಫಾರಂ ಕಡಿಮೆ ಪ್ರಮಾಣದಲ್ಲಿದ್ದಾಗಲೂ ಹೃದಯದ ಬಡಿತ ಹಠಾತ್ತನೆ ಕೆಟ್ಟು ಸಾವು ಸಂಭವಿಸಬಹುದೆಂದು ಗುಡ್‌ಮನ್ ಲೆವಿ 1911ರಲ್ಲಿ ತೋರಿಸಿದ ಮೇಲೆ ಲಾರಿಯ ವಾದ ಬಿದ್ದುಹೋಯಿತು. ಪರೀಕ್ಷೆಯಲ್ಲಿ ಸರಿಯುತ್ತರವೆಂದು ಬರೆಸುವುದು ಆ ಕಾಲದ, ಆ ಊರಿನ ಹಿರಿಯರು ಒಪ್ಪಿದ ಉತ್ತರ ಮಾತ್ರ. ಉಗ್ರಾದಿತ್ಯನ ಸಭೆಗೂ ಈ ಮಾತು ಅನ್ವಯಿಸುತ್ತದೆ.

ಮೆಡಿಕಲ್ ಸ್ಕೂಲಿನ ಭಾಷೆ ಲಾರಿಯ ಕಾಲದಲ್ಲಿ ಇಂಗ್ಲಿಷಿಗೆ ಹೊರಳಿತು. 1918ರಲ್ಲಿ ಉರ್ದು ಮಾಧ್ಯಮದ ಉಸ್ಮಾನಿಯಾ ವಿಶ್ವವಿದ್ಯಾಲಯ ಹುಟ್ಟಿದ ಮೇಲೆ, ಅದರ ವೈದ್ಯಕೀಯ ಕಾಲೇಜಿನಲ್ಲಿ ಮತ್ತೆ ಉರ್ದು. ಅದಕ್ಕಾಗಿಯೇ ಇದ್ದ ಭಾಷಾಂತರ ಸಂಸ್ಥೆ ವೈದ್ಯಕೀಯ ಪಠ್ಯಗಳನ್ನು ಉರ್ದುವಿಗೆ ತಂದಿತು. ಭಾರತೀಯ ಭಾಷೆಯೊಂದರಲ್ಲಿ ಎಂ.ಬಿ.ಬಿ.ಎಸ್. ಕಲಿಸಿ ಪರೀಕ್ಷಿಸಿದ ಸಾಹಸವದು. ನಿಜಾಮರ ಆಡಳಿತದ ಬಗ್ಗೆ ಏನೇ ಆಕ್ಷೇಪವಿದ್ದರೂ ಇದನ್ನು ಮೆಚ್ಚಲೇಬೇಕು. ಆದರೆ ಸೇಡಂ ಕಡೆಯ ಹುಡುಗನಿಗೆ ಉರ್ದುವೂ ಮನೆಯ ಭಾಷೆಯಾಗಿರಲಿಲ್ಲ. ಮನೆಯಲ್ಲಿ ಕನ್ನಡ, ಗಡಿಯಲ್ಲಿ ತೆಲುಗು, ಶಾಲೆಯಲ್ಲಿ ಉರ್ದು, ಔಷಧದ ಸೀಸೆಯ ಮೇಲೆ ಇಂಗ್ಲಿಷ್.

1948ರ ಸೆಪ್ಟೆಂಬರಿನಲ್ಲಿ ಸಂಸ್ಥಾನ ವಿಲೀನವಾಯಿತು. 1956ರ ನವೆಂಬರ್ 1ರಂದು ಕಲಬುರಗಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂತು. ಅದರ ತಾಂಡೂರು, ಕೊಡಂಗಲ್ ತಾಲ್ಲೂಕುಗಳು ಆಂಧ್ರಕ್ಕೆ ಹೋದವು. ರೈಲಿನಲ್ಲಿ ಕೆಲವು ಗಂಟೆಗಳ ದೂರದಲ್ಲಿದ್ದ ಕಾಲೇಜು ಹೊರರಾಜ್ಯದ್ದಾಯಿತು. ಮೈಸೂರು, ಬೆಂಗಳೂರು, ಮರುವರ್ಷ ಆರಂಭವಾದ ಹುಬ್ಬಳ್ಳಿ ಕಾಲೇಜುಗಳು ಸ್ವಂತ ರಾಜ್ಯದವಾದರೂ ದೂರ. ಈ ಕೊರತೆಯನ್ನು ಕಂಡು 1958ರಲ್ಲಿ ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆಯನ್ನು ಕಟ್ಟಿದ ಮಹಾದೇವಪ್ಪ ರಾಂಪುರೆಯವರು 1963ರಲ್ಲಿ ಕಲಬುರಗಿಯಲ್ಲಿ ವೈದ್ಯಕೀಯ ಕಾಲೇಜು ತೆರೆಯಲು ಕಾರಣರಾದರು. ಅದು ಇಂದಿಗೂ ಅವರ ಹೆಸರಿನಲ್ಲೇ ಇದೆ. ಪರೀಕ್ಷೆ ನಡೆಸುವವರು ಮಾತ್ರ ಬದಲಾಗುತ್ತಾ ಹೋದರು: ಮೊದಲು ಧಾರವಾಡದ ವಿಶ್ವವಿದ್ಯಾಲಯ, 1980ರಲ್ಲಿ ಗುಲ್ಬರ್ಗಾ ವಿಶ್ವವಿದ್ಯಾಲಯ ಸ್ಥಾಪನೆಯಾದ ಮೇಲೆ ಅದು, 1996ರ ನಂತರ ಬೆಂಗಳೂರಿನ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ.

ಎಂ.ಬಿ.ಬಿ.ಎಸ್. ಮುಗಿಸಿದವರು ಡಾಕ್ಟರೇನೋ ಹೌದು, ಆದರೆ ‘ತಜ್ಞ’ರಾಗುವುದು ಬೇರೆ ಮಾತು. ಅಮೆರಿಕದಲ್ಲಿ ನೇತ್ರವೈದ್ಯರು 1916ರಲ್ಲಿ ಸ್ಥಾಪಿಸಿದ ಮಂಡಳಿಯೇ ಆ ದೇಶದ ಮೊದಲ ತಜ್ಞತಾ ಮಂಡಳಿ. ಭಾರತದಲ್ಲಿ ಎಂ.ಡಿ., ಎಂ.ಎಸ್. ಪದವಿಗಳನ್ನು ವಿಶ್ವವಿದ್ಯಾಲಯಗಳು ಕೊಡುತ್ತಿದ್ದವು. ಒಂದೊಂದು ಕಡೆ ಒಂದೊಂದು ಮಟ್ಟ ಎಂಬ ದೂರು ಹಳೆಯದು. ದೇಶಕ್ಕೆಲ್ಲ ಒಂದೇ ಅಳತೆಗೋಲು ಇರಲೆಂದು 1975ರಲ್ಲಿ ರಾಷ್ಟ್ರೀಯ ಪರೀಕ್ಷಾ ಮಂಡಳಿ ಹುಟ್ಟಿ, 1982ರಲ್ಲಿ ಸ್ವಾಯತ್ತವಾಯಿತು. ಅದು ಕೊಡುವ ಪದವಿಯೇ ಡಿ.ಎನ್.ಬಿ. ಕಾಲೇಜಿಲ್ಲದ ದೊಡ್ಡ ಆಸ್ಪತ್ರೆಗಳಲ್ಲೂ, ಈಚೆಗೆ ಕರ್ನಾಟಕದ ಜಿಲ್ಲಾ ಆಸ್ಪತ್ರೆಗಳಲ್ಲೂ, ಇದಕ್ಕೆ ತರಬೇತಿ ಸಿಗುತ್ತದೆ.

ಈ ಪರೀಕ್ಷೆಗಳ ಕಷ್ಟ ಹೊರಗಿನವರಿಗೆ ಸುಲಭವಾಗಿ ಕಾಣದು. ಮೂರು ವರ್ಷ ವಾರ್ಡಿನಲ್ಲಿ ಹಗಲಿರುಳು ದುಡಿಯುತ್ತಲೇ ಓದಬೇಕು. ಪ್ರಬಂಧವೊಂದನ್ನು ಬರೆದು ಒಪ್ಪಿಗೆ ಪಡೆಯಬೇಕು. ಮೂರು ಮೂರು ಗಂಟೆಯ ನಾಲ್ಕು ಪತ್ರಿಕೆಗಳು. ವಯಸ್ಸು ಮೂವತ್ತರ ಹತ್ತಿರ. ಬೇರೆ ಕಸುಬಿನ ಗೆಳೆಯರು ಮನೆ ಕಟ್ಟಿಸುತ್ತಿರುವಾಗ ಇವರು ಟಿಪ್ಪಣಿ ಉರುಹೊಡೆಯುತ್ತಿರುತ್ತಾರೆ. ಎಂ.ಡಿ.ಯಲ್ಲಿ ಪರೀಕ್ಷಕರ ಪೈಕಿ ಕೆಲವರಾದರೂ ಸ್ವಂತ ಕಾಲೇಜಿನವರು. ಡಿ.ಎನ್.ಬಿ.ಯಲ್ಲಿ ಪ್ರಾಯೋಗಿಕ ಪರೀಕ್ಷೆಗೆ ಬೇರೆ ಊರಿನ ಆಸ್ಪತ್ರೆಗೆ ಹೋಗಿ, ಗುರುತಿಲ್ಲದವರ ಮುಂದೆ ನಿಲ್ಲಬೇಕಾಗುತ್ತದೆ. ಅಲ್ಲಿ ಬಿದ್ದವರು ಮತ್ತೆ ಮತ್ತೆ ಕಟ್ಟುವುದು ಸಾಮಾನ್ಯ. ಅದನ್ನು ದಡ್ಡತನವೆಂದು ತಿಳಿಯುವವರು ಆ ಪರೀಕ್ಷೆಯನ್ನು ಕಂಡವರಲ್ಲ.

ಬಾಗಿಲು ತೆರೆಯುವುದಕ್ಕೂ ಹೋರಾಟ ಬೇಕಾಯಿತು. ಸಂವಿಧಾನಕ್ಕೆ 371ಜೆ ವಿಧಿಯನ್ನು ಸೇರಿಸಿದ 98ನೆಯ ತಿದ್ದುಪಡಿಯಿಂದಾಗಿ 2013ರಿಂದ ಈ ಭಾಗದ ಕಾಲೇಜುಗಳ ಶೇ 70ರಷ್ಟು ಸೀಟುಗಳು ಸ್ಥಳೀಯರಿಗೆ, ಉಳಿದ ಕರ್ನಾಟಕದಲ್ಲಿ ಶೇ 8ರಷ್ಟು ಸೀಟುಗಳು ಈ ಭಾಗದವರಿಗೆ ಮೀಸಲಾದವು. ಸೀಟು ಸಿಕ್ಕಿದ ಮೇಲೆ ಪರೀಕ್ಷೆ ಎಲ್ಲರಿಗೂ ಒಂದೇ. ಎಂ.ಬಿ.ಬಿ.ಎಸ್. ಪ್ರವೇಶದ ನೀಟ್ ಪರೀಕ್ಷೆಯನ್ನು 2017ರಿಂದ ಕನ್ನಡದಲ್ಲೂ ಬರೆಯಬಹುದು. ಸ್ನಾತಕೋತ್ತರ ನೀಟ್ ಇಂಗ್ಲಿಷಿನಲ್ಲಿ ಮಾತ್ರ. ಅಂತಿಮ ಪರೀಕ್ಷೆಯೂ ಇಂಗ್ಲಿಷಿನಲ್ಲೇ.

ಒಂದು ಕಡೆ ಮಾತ್ರ ಇಂಗ್ಲಿಷ್ ಕೈಕೊಡುತ್ತದೆ. ಪ್ರಾಯೋಗಿಕ ಪರೀಕ್ಷೆಯ ಮುಖ್ಯ ಭಾಗವಾದ ‘ಲಾಂಗ್ ಕೇಸ್’ನಲ್ಲಿ ಅಭ್ಯರ್ಥಿಗೆ ಒಬ್ಬ ರೋಗಿಯನ್ನು ಒಪ್ಪಿಸುತ್ತಾರೆ. ನಿಗದಿತ ಸಮಯದೊಳಗೆ ಮಾತಾಡಿಸಿ, ಮುಟ್ಟಿ ನೋಡಿ, ರೋಗ ಯಾವುದೆಂದು ವಾದಿಸಬೇಕು. ರೋಗಿ ವಾಡಿ, ಶಹಾಬಾದಿನ ಕಡೆಯವನಾದರೆ ಅವನ ಕೆಲಸವೇನೆಂದು ತಪ್ಪದೆ ಕೇಳಬೇಕು. ಇಟಲಿಯ ರಮಾಜಿನಿ 1700ರಲ್ಲೇ ವೈದ್ಯರಿಗೆ ಕಲಿಸಿದ ಪ್ರಶ್ನೆಯದು. ಕಲ್ಲಿನ ಗಣಿ, ಸಿಮೆಂಟಿನ ಸೀಮೆಯಲ್ಲಿ ಅದನ್ನು ಮರೆತವರನ್ನು ಪರೀಕ್ಷಕರು ಸುಮ್ಮನೆ ಬಿಡುವುದಿಲ್ಲ. ಚಿಂಚೋಳಿಯ ತಾಂಡಾದಿಂದ ಬಂದವರ ಮನೆಮಾತು ಲಂಬಾಣಿಯಾಗಿರುತ್ತದೆ. ಸೇಡಂ ಗಡಿಯವರು ಕನ್ನಡದ ನಡುವೆ ತೆಲುಗಿಗೆ ಜಾರುತ್ತಾರೆ. ‘ದಮ್ ಹತ್ತತದ್ರೀ’ ಎಂದು ರೋಗಿ ಹೇಳಿದರೆ ಅದು ಅಸ್ತಮಾವೋ, ಹೃದಯ ಸೋತು ಬಂದ ಉಬ್ಬಸವೋ? ನಡೆದಾಗಲೋ, ರಾತ್ರಿ ಅಂಗಾತ ಮಲಗಿದಾಗಲೋ? ‘ಚಕ್ಕರ್ ಬರ್ತದ’ ಎಂದರೆ ಮನೆ ತಿರುಗಿದಂತಾಗುವುದೋ, ಬರೀ ಸುಸ್ತೋ? ಇದನ್ನು ಬಿಡಿಸಿಕೊಳ್ಳದೆ ಮುಂದಿನ ಇಂಗ್ಲಿಷ್ ವಾಕ್ಯ ಹುಟ್ಟುವುದಿಲ್ಲ. ಉರುಹೊಡೆದ ಟಿಪ್ಪಣಿಯಲ್ಲಿ ಈ ಮಾತುಗಳಿಲ್ಲ. ಪರೀಕ್ಷಕರು ದೂರದ ಊರಿನವರಾದರೆ ‘ದಮ್’ ಎಂದರೇನೆಂದು ಅವರೇ ಅಭ್ಯರ್ಥಿಯನ್ನು ಕೇಳಬೇಕಾಗುತ್ತದೆ.