ಕೂರಲು ಒಂದು ಜಾಗ

2025ರ ನವೆಂಬರ್ 2, ಭಾನುವಾರ. ಟಿ. ನಗರದ ನಮ್ಮ ಮನೆಯಲ್ಲಿ ರಾತ್ರಿ ಹನ್ನೆರಡಾದರೂ ಯಾರೂ ಮಲಗಿರಲಿಲ್ಲ. ಮಹಿಳಾ ವಿಶ್ವಕಪ್ ಫೈನಲ್. ಮಳೆಯಿಂದಾಗಿ ಆಟ ಎರಡು ಗಂಟೆ ತಡವಾಗಿ ಶುರುವಾಗಿತ್ತು. ಕೊನೆಗೆ ನಮ್ಮ ಹುಡುಗಿಯರು ದಕ್ಷಿಣ ಆಫ್ರಿಕಾವನ್ನು 52 ರನ್‌ಗಳಿಂದ ಸೋಲಿಸಿದಾಗ ನಾನೂ ಮಗಳೂ ಸೋಫಾ ಹತ್ತಿ ಕುಣಿದೆವು. ಮೈಸೂರಿನಿಂದ ಬಂದಿದ್ದ ಅಮ್ಮ ಮಾತ್ರ ಟಿವಿಯಲ್ಲಿ ಕಾಣುತ್ತಿದ್ದ ಜನಸಾಗರವನ್ನೇ ನೋಡುತ್ತಾ, "ಮಧ್ಯಾಹ್ನದಿಂದ ಅಲ್ಲೇ ಕೂತಿದಾರಲ್ಲೇ, ಇಷ್ಟೊಂದು ಹೆಣ್ಮಕ್ಕಳು ಬಾತ್‌ರೂಮಿಗೆ ಎಲ್ಲಿಗೆ ಹೋದ್ರು?" ಅಂದಳು.

ನಗು ಬಂತು, ಆದರೆ ಪ್ರಶ್ನೆ ತಲೆಯಲ್ಲೇ ಉಳಿಯಿತು. ಆಟದ ಇತಿಹಾಸವೆಂದರೆ ನಮಗೆ ರನ್ನು, ವಿಕೆಟ್ಟು, ಕಪ್ಪು. ನೋಡಲು ಬಂದವರು ಎಲ್ಲಿ ಕೂತರು, ಹೇಗೆ ಹೊರಗೆ ಹೋದರು ಎನ್ನುವುದನ್ನು ಬರೆದವರು ಕಡಿಮೆ. ನಮ್ಮ ವೇದಿಕೆಯ ಈ ಸಂಚಿಕೆಗೆ ಅದನ್ನೇ ಬರೆಯೋಣ ಅನ್ನಿಸಿತು.

ಮನೆಗೆ ಹತ್ತಿರದ ಚೆಪಾಕ್‌ನಿಂದಲೇ ಶುರು ಮಾಡುತ್ತೇನೆ. ಮದ್ರಾಸ್ ಕ್ರಿಕೆಟ್ ಕ್ಲಬ್ ಹುಟ್ಟಿದ್ದು 1846ರಲ್ಲಿ. ಅಲ್ಲಿನ ಪೆವಿಲಿಯನ್ ಬಿಳಿಯರದ್ದು. ಆಡಲು ಬಂದ ಭಾರತೀಯರು ಊಟದ ಹೊತ್ತಿಗೆ ಮರದ ಕೆಳಗೆ ಕೂರಬೇಕಿತ್ತಂತೆ. ಅದು ಮನಸ್ಸಿಗೆ ಚುಚ್ಚಿಯೇ ಬುಚ್ಚಿಬಾಬು ನಾಯ್ಡು 1888ರಲ್ಲಿ ಮದ್ರಾಸ್ ಯುನೈಟೆಡ್ ಕ್ಲಬ್ ಕಟ್ಟಿದರು ಎಂಬುದು ಇಲ್ಲಿನ ಕ್ರಿಕೆಟ್ ಬಲ್ಲವರೆಲ್ಲ ಹೇಳುವ ಮಾತು. ಇಂದಿಗೂ ಅವರ ಹೆಸರಿನಲ್ಲಿ ಪಂದ್ಯಾವಳಿ ನಡೆಯುತ್ತದೆ. ಕೂರಲು ಜಾಗ ಕೊಡದಿದ್ದುದರಿಂದ ಹುಟ್ಟಿದ ಕ್ಲಬ್ ಅದು!

ನಮ್ಮವರಿಗೂ ಚೆಪಾಕ್‌ಗೂ ಹಳೆಯ ನಂಟು. ರಣಜಿ ಟ್ರೋಫಿಯ ಮೊಟ್ಟಮೊದಲ ಪಂದ್ಯ ನಡೆದದ್ದು ಇಲ್ಲೇ, 1934ರ ನವೆಂಬರ್ 4ರಂದು. ಮದ್ರಾಸಿಗೆ ಎದುರಾಳಿ ನಮ್ಮ ಮೈಸೂರು. 48 ಮತ್ತು 59ಕ್ಕೆ ಆಲೌಟಾಗಿ ಒಂದೇ ದಿನದಲ್ಲಿ ಸೋತೆವು. ಅಷ್ಟು ಬೇಗ ಮುಗಿದದ್ದರಿಂದ ನೋಡುಗರಿಗೆ ಸೊಂಟ ನೋವು ಬಂದಿರಲಾರದು, ಅಷ್ಟೇ ಸಮಾಧಾನ.

ಹಳೆಯ ಚೆಪಾಕ್‌ನಲ್ಲಿ ಕಂಬಗಳ ಕಾಟ. ಟಿಕೆಟ್ ಕೊಂಡು ಹೋದವರು ಕಂಬದ ಆಚೆ ಈಚೆ ಕತ್ತು ಚಾಚಿ ನೋಡಬೇಕಿತ್ತು. ಸೆಖೆ ಬೇರೆ. ಕಡಲು ಪಕ್ಕದಲ್ಲಿದ್ದರೂ ಗಾಳಿ ಒಳಗೆ ಬರುತ್ತಿರಲಿಲ್ಲ. 2011ರ ವಿಶ್ವಕಪ್‌ಗೆ ಮುಂಚೆ ಮೂರು ಸ್ಟ್ಯಾಂಡುಗಳನ್ನು ಹೊಸದಾಗಿ ಕಟ್ಟಿ, ಕೇಬಲ್‌ಗಳಲ್ಲಿ ಬಿಗಿದ ಹಗುರವಾದ ಚಾವಣಿ ಹೊದಿಸಿದರು. ಕಂಬ ಹೋಯಿತು, ಮರೀನಾದ ಗಾಳಿ ಬಂತು. ಆಸನಗಳ ಇಳಿಜಾರು 36 ಡಿಗ್ರಿ, ಹಾಗಾಗಿ ಮುಂದಿನವರ ತಲೆ ಅಡ್ಡ ಬರುವುದಿಲ್ಲ. ಮಂಡಿನೋವಿನವರಿಗೆ ಮಾತ್ರ ಆ ಮೆಟ್ಟಿಲು ಕಷ್ಟವೇ. ಆದರೆ ಆ ಹೊಸ ಸ್ಟ್ಯಾಂಡುಗಳಲ್ಲೇ ಐ, ಜೆ, ಕೆ ಎಂಬ ಭಾಗಗಳು, ಸುಮಾರು 12,000 ಸೀಟುಗಳು, ಅನೇಕ ವರ್ಷ ಬಹುಮಟ್ಟಿಗೆ ಮುಚ್ಚಿಯೇ ಇದ್ದವು. ಪಕ್ಕದ ಕ್ಲಬ್ ಕಟ್ಟಡಕ್ಕೂ ಅವಕ್ಕೂ ನಡುವೆ ನಿಯಮದಷ್ಟು ಅಂತರವಿಲ್ಲ ಎಂಬುದು ತಕರಾರು. 2023ರಲ್ಲಿ ಮತ್ತೆ ತೆರೆದವು. ಟಿಕೆಟ್ ಸಿಗದೆ ಬೈದುಕೊಂಡವರಲ್ಲಿ ನಾನೂ ಒಬ್ಬಳು. ಖಾಲಿ ಸೀಟುಗಳನ್ನು ಟಿವಿಯಲ್ಲಿ ನೋಡಿದಾಗ ಹೊಟ್ಟೆ ಉರಿಯುತ್ತಿತ್ತು. ಎರಡು ಕಟ್ಟಡಗಳ ನಡುವಿನ ಆ ಕೆಲವು ಮೀಟರ್ ಜಾಗ ಯಾಕೆ ಬೇಕು ಎಂದು ನನಗೆ ಗೊತ್ತಿರಬೇಕಿತ್ತು.

ಯಾಕೆಂದರೆ ಅದನ್ನು ಕಾಲೇಜಿನಲ್ಲೇ ಮೈಮೇಲೆ ಅನುಭವಿಸಿದ್ದೆ. ನಾನು ಎಂಟೆಕ್ ಓದಿದ ಕಾಲೇಜು, ಹೆಸರು ಬೇಡ. ಮೈದಾನದ ಒಂದು ಬದಿಗೆ ಐದು ಸಾಲು ಸಿಮೆಂಟ್ ಮೆಟ್ಟಿಲು, ಅದೇ ಗ್ಯಾಲರಿ. ಮಧ್ಯಾಹ್ನ ಮೂರರ ಬಿಸಿಲಿಗೆ ಕಾವಲಿಯಂತೆ ಸುಡುತ್ತಿದ್ದುದರಿಂದ ರೆಕಾರ್ಡ್ ಪುಸ್ತಕ ಹಾಸಿಕೊಂಡು ಕೂರುತ್ತಿದ್ದೆವು. ಅಂದು ಅಂತರ ಕಾಲೇಜು ವಾಲಿಬಾಲ್ ಫೈನಲ್, ಹುಡುಗಿಯರದ್ದು. ಹೊರಗಿನವರು ನುಗ್ಗಬಾರದೆಂದು ಎರಡು ಗೇಟುಗಳಲ್ಲಿ ಒಂದಕ್ಕೆ ಸರಪಳಿ ಹಾಕಿದ್ದರು. ಸಂಜೆ ಇದ್ದಕ್ಕಿದ್ದಂತೆ ಮಳೆ ಹೊಡೆಯಿತು. ಎಲ್ಲರೂ ಒಂದೇ ಗೇಟಿಗೆ ಓಡಿದೆವು. ಒಂದು ಹಂತದಲ್ಲಿ ನನ್ನ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. ಮುಂದಿದ್ದವಳ ಬ್ಯಾಗು ಎದೆಗೆ ಒತ್ತಿ ಉಸಿರು ಎಳೆಯಲು ಆಗಲಿಲ್ಲ, ಕೂಗಲೂ ಆಗಲಿಲ್ಲ. ವಾಚ್‌ಮನ್ ಎಲ್ಲಿಂದಲೋ ಕೀ ತಂದು ಇನ್ನೊಂದು ಗೇಟು ತೆಗೆದ. ಗೆಳತಿಯ ಭುಜದ ಮೂಳೆ ಮುರಿದಿತ್ತು. ನನ್ನ ಒಂದು ಚಪ್ಪಲಿ ಹೋಯಿತು, ಅಷ್ಟೇ. ಮನೆಯಲ್ಲಿ ಹೇಳಲಿಲ್ಲ.

ಆಗ ಯಾರೋ ತಳ್ಳಿದರು ಅಂದುಕೊಂಡಿದ್ದೆ. ಆಮೇಲೆ ಓದಿದಾಗ ತಿಳಿಯಿತು, ಯಾರೂ ತಳ್ಳಬೇಕಿಲ್ಲ. ಒಂದು ಚದರ ಮೀಟರಿನಲ್ಲಿ ಐದಾರು ಜನಕ್ಕಿಂತ ಹೆಚ್ಚಾದರೆ ಗುಂಪು ನೀರಿನಂತೆ ಅಲೆಯಾಡತೊಡಗುತ್ತದೆ, ಹಿಂದಿನ ಸಣ್ಣ ಒತ್ತಡ ಮುಂದಿನವರ ಎದೆಯ ಮೇಲೆ ಬೀಳುತ್ತದೆ. 1989ರ ಏಪ್ರಿಲ್ 15ರಂದು ಇಂಗ್ಲೆಂಡಿನ ಹಿಲ್ಸ್‌ಬರೋದಲ್ಲಿ ಹೀಗೆಯೇ ಆಗಿ 97 ಜನ ಪ್ರಾಣ ಕಳೆದುಕೊಂಡರು. ಅಲ್ಲಿನ ದೊಡ್ಡ ಫುಟ್‌ಬಾಲ್ ಮೈದಾನಗಳಲ್ಲಿ ನಿಂತು ನೋಡುವ ಪದ್ಧತಿ ಹೋಗಿ ಎಲ್ಲರಿಗೂ ಸೀಟು ಬಂದದ್ದು ಆ ನಂತರ.

ಕಾಲೇಜು ಮೈದಾನವೆಂದರೆ ಹೀಗೇ ಇರಬೇಕೆಂದಿಲ್ಲ. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯ 1903ರಲ್ಲೇ ಕಾಂಕ್ರೀಟಿನ ದೊಡ್ಡ ಕ್ರೀಡಾಂಗಣ ಕಟ್ಟಿಕೊಂಡಿತು. 1927ರ ಮಿಶಿಗನ್ ಕ್ರೀಡಾಂಗಣದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನ ಕೂರಬಹುದು, ಬಹುಪಾಲು ಬೆಂಚುಗಳ ಮೇಲೆ. ಅಲ್ಲಿನ ಕಟ್ಟಡ ನಿಯಮದ ಲೆಕ್ಕದಲ್ಲಿ ಬೆಂಚಿನ ಮೇಲೆ ತಲೆಗೆ 18 ಇಂಚು. ಸೀರೆ ಉಟ್ಟು, ಮಡಿಲಲ್ಲಿ ಮಗು, ಪಕ್ಕದಲ್ಲಿ ಚಕ್ಕುಲಿ ಡಬ್ಬಿ ಇಟ್ಟುಕೊಂಡು ಕೂರುವವರಿಗೆ ಸಾಲದು ಬಿಡಿ.

ನಮ್ಮ ಬೆಂಗಳೂರಿನಲ್ಲೂ ಒಂದು ಕಾಲದಲ್ಲಿ ಕಾಲೇಜಿನ ಮೈದಾನವೇ ಊರಿನ ಮೈದಾನ. ಚಿನ್ನಸ್ವಾಮಿ ಕ್ರೀಡಾಂಗಣ ಬರುವ ಮುಂಚೆ ದೊಡ್ಡ ಕ್ರಿಕೆಟ್ ಎಲ್ಲ ಸೆಂಟ್ರಲ್ ಕಾಲೇಜಿನಲ್ಲಿ. ಚಿನ್ನಸ್ವಾಮಿಯಲ್ಲಿ ಮೊದಲ ಟೆಸ್ಟ್ 1974ರಲ್ಲಿ ನಡೆಯಿತು. ಎರಡೇ ವರ್ಷಕ್ಕೆ, 1976ರ ಅಕ್ಟೋಬರ್ 31ರಂದು, ಭಾರತದ ಹೆಣ್ಣುಮಕ್ಕಳು ತಮ್ಮ ಮೊಟ್ಟಮೊದಲ ಟೆಸ್ಟ್ ಆಡಲು ಇಳಿದದ್ದೂ ಅದೇ ಊರಿನಲ್ಲಿ, ವೆಸ್ಟ್ ಇಂಡೀಸ್ ಎದುರು. ನಾಯಕಿ ನಮ್ಮ ಶಾಂತಾ ರಂಗಸ್ವಾಮಿ.

ಅದಕ್ಕೇ 2025ರ ವಿಶ್ವಕಪ್ ಬೆಂಗಳೂರಿಗೆ ಬರುತ್ತದೆ ಎಂದಾಗ ನನಗೆ ಖುಷಿಯಾಗಿತ್ತು. ಉದ್ಘಾಟನಾ ಪಂದ್ಯ ಅಲ್ಲೇ ಎಂದು ವೇಳಾಪಟ್ಟಿಯಲ್ಲಿತ್ತು, ಫೈನಲ್ಲಿಗೂ ಅದರ ಹೆಸರಿತ್ತು. ಆದರೆ ಜೂನ್ 4ರಂದು, ಆರ್‌ಸಿಬಿ ಕಪ್ ಗೆದ್ದ ಮರುದಿನ, ಚಿನ್ನಸ್ವಾಮಿಯ ಗೇಟುಗಳ ಬಳಿ ನೂಕುನುಗ್ಗಲಾಗಿ 11 ಜನ ಸತ್ತರು. ಅವರಲ್ಲಿ ಹುಡುಗಿಯರೂ ಇದ್ದರು. ಆ ಸಂಜೆ ಆಫೀಸಿನಲ್ಲಿ ಫೋನ್ ನೋಡುತ್ತಾ ಕೂತಿದ್ದ ನನಗೆ ಎದೆಯ ಮೇಲೆ ಅದೇ ಬ್ಯಾಗು ಒತ್ತಿದಂತಾಯಿತು. ನ್ಯಾಯಮೂರ್ತಿ ಜಾನ್ ಮೈಕೆಲ್ ಕುನ್ಹಾ ಅವರ ಆಯೋಗ, ಭಾರೀ ಜನ ಸೇರುವ ಕಾರ್ಯಕ್ರಮಗಳಿಗೆ ಆ ಕ್ರೀಡಾಂಗಣ ಯೋಗ್ಯವಲ್ಲ ಎಂದಿತು. ವಿಶ್ವಕಪ್ ಪಂದ್ಯಗಳು ಊರು ಬಿಟ್ಟು ಹೋದವು.

ಫೈನಲ್ ಹೋದದ್ದು ಎಲ್ಲಿಗೆ? ನವಿ ಮುಂಬೈಯ ಡಿ.ವೈ. ಪಾಟೀಲ್ ಕ್ರೀಡಾಂಗಣಕ್ಕೆ. ಅದು ಶಿಕ್ಷಣ ಸಂಸ್ಥೆಯ ಆವರಣದಲ್ಲೇ, ಕಾಲೇಜುಗಳ ನಡುವೆ, 2008ರಲ್ಲಿ ಶುರುವಾದದ್ದು. ಚಾವಣಿಯ ಭಾರವನ್ನೆಲ್ಲ ಹಿಂದಿನಿಂದ ಹೊತ್ತಿರುವುದರಿಂದ ಎದುರಿಗೆ ಕಂಬಗಳಿಲ್ಲ. ಇದನ್ನು ಹೇಳಿದಾಗ ಅಮ್ಮ, "ಕಾಲೇಜಿನವರು ಕಟ್ಟಿದ್ದಾ?" ಎಂದು ಬೆರಗಾದಳು.

ಅಮ್ಮನಿಗೆ ಈಗ ಚೆಪಾಕ್‌ನಲ್ಲಿ ಹುಡುಗಿಯರ ಒಂದು ಮ್ಯಾಚ್ ನೋಡುವ ಆಸೆ. ಕೆಳಗಿನ ಸಾಲಿನಲ್ಲಿ, ದಾರಿ ಪಕ್ಕದ ಸೀಟು ಹುಡುಕುತ್ತೇನೆ ಎಂದಿದ್ದೇನೆ. ಗೇಟು ಎಲ್ಲಿದೆ ಅಂತ ಮೊದಲೇ ನೋಡಿಟ್ಟುಕೊಳ್ಳುವುದು ನನ್ನ ಅಭ್ಯಾಸ.

"ಗೇಟು ನೀನು ನೋಡ್ಕೋ," ಅಂದಳು ಅಮ್ಮ, "ಬಾತ್‌ರೂಮು ನಾನು ನೋಡ್ಕೋತೀನಿ."