ಕರೆನ್ಸಿ ತಿಂದ ಹಾಡು

ಅಂಗಡಿಯಲ್ಲಿ ಕರೆನ್ಸಿ ಹಾಕಿಸಿಕೊಂಡು ಅಪ್ಪ ಮನೆ ಮುಟ್ಟುವಷ್ಟರಲ್ಲಿ ಅರ್ಧ ಮಾಯ. ಯಾವುದೋ ಬಟನ್ ಒತ್ತಿದ್ದಕ್ಕೆ ಕಾಲರ್ ಟ್ಯೂನ್ ಅಂಟಿಕೊಂಡು, ತಿಂಗಳು ತಿಂಗಳೂ ದುಡ್ಡು ಮುರಿಯುತ್ತಿತ್ತು. ಆ ಹಾಡು ಅಪ್ಪನಿಗೆ ಕೇಳಿಸುತ್ತಲೂ ಇರಲಿಲ್ಲ, ಫೋನ್ ಮಾಡಿದವರಿಗಷ್ಟೇ!

2013ರ ಜುಲೈನಲ್ಲಿ ಟ್ರಾಯ್ ಆದೇಶಿಸಿತು: ಇಂಥ ಸೇವೆಗೆ ಗ್ರಾಹಕ ಎರಡು ಸಲ ಒಪ್ಪಬೇಕು. ನಿಲ್ಲಿಸಲು 155223 ಎಂಬ ಉಚಿತ ಸಂಖ್ಯೆಯೂ ಬಂತು. ನಮ್ಮೂರಲ್ಲಿ ಅದು ಎಷ್ಟು ಜನಕ್ಕೆ ಗೊತ್ತಿತ್ತೋ.

ಈಗ ಸೋರಿಕೆ ಬ್ಯಾಂಕ್ ಖಾತೆಯಲ್ಲಿ. ಕಾರ್ಡ್, ಯುಪಿಐಗಳಿಂದ ತಾನಾಗಿ ಹಣ ಕಡಿತವಾಗುವ 24 ಗಂಟೆ ಮೊದಲೇ ಸಂದೇಶ ಬರಬೇಕೆಂಬ ರಿಸರ್ವ್ ಬ್ಯಾಂಕ್ ನಿಯಮ 2021ರ ಅಕ್ಟೋಬರ್ 1ರಿಂದ ಕಟ್ಟುನಿಟ್ಟಾಯಿತು. ಅಪ್ಪನಿಗೆ ಸಂದೇಶ ಬರುವುದು ಇಂಗ್ಲಿಷಿನಲ್ಲಿ; ಓದದೆ ಅಳಿಸುತ್ತಾರೆ.

ಮೊನ್ನೆ ಅವರ ಯುಪಿಐ ಆ್ಯಪಿನ ಆಟೋಪೇ ತೆರೆದು ನೋಡಿದೆ. ಎರಡು ವರ್ಷದ ಹಿಂದೆ ಕ್ರಿಕೆಟ್ ನೋಡಲು ಹಾಕಿದ್ದ ಚಂದಾ ಇನ್ನೂ ಓಡುತ್ತಿತ್ತು. ಹಾಕಿಕೊಟ್ಟವನು ನಾನೇ.